ನೆಮ್ಮದಿ ಯಾರ ಲೆಕ್ಕದಲ್ಲಿ?

ಮೈಸೂರು ನೆಮ್ಮದಿಯ ಊರು, ಬೆಂಗಳೂರು ಧಾವಂತದ ಊರು. ನಮ್ಮ ಬಿಳಿಕೆರೆಯಲ್ಲಿ ಬಸ್ಸಿಗೆ ಕಾಯುವವರಿಂದ ಹಿಡಿದು ವಿಶ್ವವಿದ್ಯಾನಿಲಯದ ಕ್ಯಾಂಟೀನಿನವರೆಗೆ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಇದು ಬರೀ ವರ್ಣನೆಯಾಗಿದ್ದರೆ ನನಗೂ ತಕರಾರಿರಲಿಲ್ಲ. ಆದರೆ ಇದರೊಳಗೊಂದು ತೀರ್ಪಿದೆ: ಮೈಸೂರಿನವರಿಗೆ ಬದುಕುವುದು ಗೊತ್ತು, ಬೆಂಗಳೂರಿನವರು ದುಡ್ಡಿನ ಹಿಂದೆ ಬಿದ್ದವರು.

ಊರಿನ ಗುಣ ಮಣ್ಣಿನಿಂದ ಬರುವುದಿಲ್ಲ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. ಕಚೇರಿಗಳು ಬೆಂಗಳೂರಿಗೆ ಹೋದವು, ಅರಮನೆ ಮೈಸೂರಿನಲ್ಲೇ ಉಳಿಯಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು, ಕಚೇರಿಗಳು ಮರಳಲಿಲ್ಲ. ಆಮೇಲೆ ಕಾರ್ಖಾನೆ, ಸಾಫ್ಟ್‌ವೇರ್‌ಗಳ ದೊಡ್ಡ ಪಾಲೂ ಅಲ್ಲಿಗೇ ಹೋಯಿತು. ಇಲ್ಲಿ ದಸರಾ, 1916ರ ವಿಶ್ವವಿದ್ಯಾನಿಲಯ, ಸಾಲುಮರದ ರಸ್ತೆಗಳು. ಗಡಿಬಿಡಿಯ ಕೆಲಸಗಳೆಲ್ಲ ಇನ್ನೊಂದು ಊರಿನ ಪಾಲಾದ ಮೇಲೆ ಉಳಿದ ಶಾಂತಿಯನ್ನು ಸದ್ಗುಣ ಎನ್ನಬಹುದೇ?

ಬಿಳಿಕೆರೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ, ಒಂದು ಹುಣಸೂರಿಗೆ, ಇನ್ನೊಂದು ಕೆ.ಆರ್. ನಗರದ ಕಡೆಗೆ. ಇಲ್ಲಿಂದ ನೋಡಿದರೆ ಎರಡು ನಗರಗಳ ಲೆಕ್ಕ ಬೇರೆಯೇ ಕಾಣುತ್ತದೆ. ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಸೀರೆಗೆ ನಾವು ಹೋಗುವುದು ಮೈಸೂರಿಗೆ, ಸಂಬಳಕ್ಕೆ ಬೆಂಗಳೂರಿಗೆ. ಹೊಗೆಸೊಪ್ಪಿಗೆ ಬೆಲೆ ಸಿಗದ ವರ್ಷ ಅಪ್ಪನ ಸಾಲ ತೀರಿಸುವವನು ಅಲ್ಲಿ ಕ್ಯಾಬ್ ಓಡಿಸುವ ಮಗ. ಮೈಸೂರಿನ ಬಡಾವಣೆಗಳಲ್ಲಿ ಸಂಜೆ ನಿಧಾನವಾಗಿ ನಡೆಯುವ ಎಷ್ಟೋ ಹಿರಿಯರ ಮನೆಯ ಕಂತನ್ನೂ ಅಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಮಕ್ಕಳೇ ಕಟ್ಟುತ್ತಿರುತ್ತಾರೆ.

ಹಾಗಂತ ಬೆಂಗಳೂರೇನೂ ಸಂತನಲ್ಲ. ಹುಣಸೂರಿನ ಲಕ್ಷ್ಮಣತೀರ್ಥ ಹೊಳೆ ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪಂಪ್ ಮಾಡಿ ಬೆಂಗಳೂರಿಗೆ ಒಯ್ಯುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತವೊಂದರದೇ ದಿನಕ್ಕೆ 775 ದಶಲಕ್ಷ ಲೀಟರ್. ನೀರು ಹೋಯಿತೆಂದು ನಮ್ಮ ಕಡೆ ರಸ್ತೆತಡೆ ನಡೆಯುತ್ತದೆ. ಅದೇ ದಾರಿಯಲ್ಲಿ ಹೋದ ಹುಡುಗರ ವಿಷಯದಲ್ಲಿ ಮಾತ್ರ, 'ಅವನು ಬೆಂಗಳೂರಲ್ಲಿದ್ದಾನೆ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಈ ಲೆಕ್ಕದಲ್ಲಿ ನಾನೂ ಇದ್ದೇನೆ. ಮೈಸೂರಿನಲ್ಲಿ ನಿಧಾನವಾಗಿ ಪಿಎಚ್.ಡಿ. ಬರೆಯುತ್ತಿರುವ ನನ್ನ ಮೆಸ್ ಬಿಲ್ಲಿಗೆ ದುಡ್ಡು ಬರುವುದು ಪೀಣ್ಯದಲ್ಲಿ ಪಾಳಿ ಕೆಲಸ ಮಾಡುವ ತಮ್ಮನಿಂದ. ಮೈಸೂರನ್ನು ಹೊಗಳುವಾಗೆಲ್ಲ ನಾನು ಅವನ ದುಡಿಮೆಯನ್ನು ಬಿಟ್ಟು ಹೊಗಳುವಂತಿಲ್ಲ. ಅವನ ಧಾವಂತವನ್ನು ದುರಾಸೆ ಎನ್ನುವ ಹಕ್ಕಂತೂ ನನಗಿಲ್ಲ. ಹಬ್ಬಕ್ಕೆ ಬಂದಾಗ ಅವನೂ 'ಮೈಸೂರೇ ವಾಸಿ ಕಣಣ್ಣ' ಅನ್ನುತ್ತಾನೆ. ಅಂದು, ರಾತ್ರಿ ಬಸ್ಸಿಗೆ ಹೊರಡುತ್ತಾನೆ.