ಈ ಮೈಗೆ ಈ ಹೃದಯ

ಮಗುವಿನ ಹೃದಯ ಎಷ್ಟು ದೊಡ್ಡದಿದ್ದರೆ ಸರಿ? ಎಕೋ ಪರೀಕ್ಷೆಯಲ್ಲಿ ಶಬ್ದದ ಅಲೆಗಳನ್ನು ಕಳಿಸಿ ಹೃದಯದ ಕೋಣೆ, ಕವಾಟ, ಮಹಾಧಮನಿಯ ಬುಡ ಎಲ್ಲವನ್ನೂ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಆದರೆ ಬೆಳೆಯುವ ಮಕ್ಕಳಲ್ಲಿ ಬರಿಯ ಮಿಲಿಮೀಟರಿಗೆ ಅರ್ಥವಿಲ್ಲ. ಎರಡು ವರ್ಷದ ಮಗುವಿಗೆ ಹೆಚ್ಚೆನಿಸುವ ಅಳತೆ ಹತ್ತು ವರ್ಷದವಳಿಗೆ ಕಡಿಮೆಯಾದೀತು. ಹಾಗಾಗಿ ಎತ್ತರ, ತೂಕಗಳಿಂದ ಮೈಯ ಮೇಲ್ಮೈ ವಿಸ್ತೀರ್ಣ ಲೆಕ್ಕಹಾಕಿ, ಅಷ್ಟೇ ಗಾತ್ರದ ಆರೋಗ್ಯವಂತ ಮಕ್ಕಳ ಸರಾಸರಿಯಿಂದ ಈ ಮಗು ಎಷ್ಟು ದೂರವಿದೆ ಎಂದು ನೋಡುತ್ತಾರೆ. ಇದೇ ಝಡ್ ಸ್ಕೋರ್. ಮೈನಸ್ 2ರಿಂದ ಪ್ಲಸ್ 2ರೊಳಗಿದ್ದರೆ 'ಸಾಮಾನ್ಯ'.

ಈ ಲೆಕ್ಕ ಬೇಕೇಬೇಕು. ಇಲ್ಲದಿದ್ದರೆ ಸಣ್ಣ ಮೈಯ ಮಕ್ಕಳಿಗೆಲ್ಲ ರೋಗದ ಹಣೆಪಟ್ಟಿ ಬೀಳುತ್ತಿತ್ತು. ತತ್ತ್ವಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಕಾಡುವುದು 'ಸಾಮಾನ್ಯ' ಎಂಬ ಆ ಮಾತು.

ಆರು ವರ್ಷದ ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಒಬ್ಬ 116 ಸೆಂಟಿಮೀಟರ್, 20 ಕಿಲೋ. ಇನ್ನೊಬ್ಬ 108 ಸೆಂಟಿಮೀಟರ್, 15 ಕಿಲೋ. ಅವರ ಮೇಲ್ಮೈ ಸುಮಾರು 0.80 ಮತ್ತು 0.67 ಚದರ ಮೀಟರ್. ಎರಡನೆಯವನು ಹೊಟ್ಟೆಗೆ ಸಾಲದೆ ಹಾಗಾಗಿದ್ದರೂ ಅವನ ಹೃದಯವನ್ನು ಹೋಲಿಸುವುದು 0.67ಕ್ಕೇ. ಮೈಯ ಜೊತೆಗೆ ಹೃದಯವೂ ಸಣ್ಣದಾಗಿದ್ದರೆ ಉತ್ತರ 'ಸಾಮಾನ್ಯ' ಎಂದೇ ಬರಬಹುದು. ಲೆಕ್ಕದಲ್ಲಿ ತಪ್ಪಿಲ್ಲ. ಅದು ಕೇಳಿದ್ದು ಈ ಮೈಗೆ ಈ ಹೃದಯ ಸರಿಯೇ ಎಂದು. ಈ ಮಗುವಿಗೆ ಈ ಮೈ ಸರಿಯೇ ಎಂದಲ್ಲ.

ಆ ಎರಡನೆಯ ಪ್ರಶ್ನೆ ಕೇಳುವುದು ಅಂಗನವಾಡಿಯ ತಕ್ಕಡಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಬೆಳವಣಿಗೆಯ ಮಾನದಂಡ ದೆಹಲಿಯೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು. ಮಕ್ಕಳು ಹೇಗಿದ್ದಾರೆ ಎನ್ನುವುದಕ್ಕಿಂತ, ಚೆನ್ನಾಗಿ ಉಂಡು ಆರೈಕೆ ಪಡೆದರೆ ಹೇಗೆ ಬೆಳೆಯಬೇಕು ಎಂದು ಅದು ಹೇಳುತ್ತದೆ. ಆ ಮಾನದಂಡದ ಪ್ರಕಾರ, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಕುಳ್ಳಾಗಿದ್ದರು, ಶೇ. 32.9ರಷ್ಟು ತೂಕ ಕಡಿಮೆಯಿದ್ದರು.

ನಾನಿರುವ ದೊಡ್ಡನೆಕ್ಕುಂದಿಯಲ್ಲಿ ಅಪಾರ್ಟ್‌ಮೆಂಟುಗಳ ಬೆನ್ನಿಗೇ ಅವನ್ನು ಕಟ್ಟುವವರ ತಗಡಿನ ಶೆಡ್ಡುಗಳಿವೆ. ಬಡವರಿಗೆ ಉಚಿತವಾಗಿ ಹೃದಯ ಶಸ್ತ್ರಚಿಕಿತ್ಸೆ ಮಾಡುವ ಶ್ರೀ ಸತ್ಯಸಾಯಿ ಆಸ್ಪತ್ರೆ ವೈಟ್‌ಫೀಲ್ಡಿನಲ್ಲಿ, ಇಲ್ಲಿಗೆ ಹತ್ತಿರವೇ ಇದೆ. ಹೃದಯದಲ್ಲಿ ರಂಧ್ರವಿದ್ದರೆ ಆ ಶೆಡ್ಡಿನ ಮಗುವಿಗೂ ಒಂದು ಬಾಗಿಲಿದೆ. ಮೈಯೇ ಸೊರಗಿದ್ದರೆ? 'ಅವರ ಮಕ್ಕಳು ಇರುವುದೇ ಹಾಗೆ' ಎನ್ನುತ್ತೇವೆ. 'ಸರ್ಕಾರಿ ಶಾಲೆಯವನು, ಇಷ್ಟು ಕಲಿತದ್ದೇ ಹೆಚ್ಚು' ಎನ್ನುವುದೂ ಇದೇ ಜಾತಿಯ ಮಾತು. ಪರಿಸ್ಥಿತಿಯಿಂದ ಭಾಗಿಸಿ ನಿರೀಕ್ಷೆಯನ್ನು ಕುಗ್ಗಿಸಿಕೊಂಡರೆ ಎಲ್ಲವೂ ಸಾಮಾನ್ಯವಾಗಿಯೇ ಕಾಣುತ್ತದೆ.

ಇರುವ ಮೈಗೆ ತಕ್ಕಂತೆ ಹೃದಯವನ್ನು ನೋಡುವುದು ವೈದ್ಯರ ಕೆಲಸ. ಅವರು ಹಾಗೆಯೇ ನೋಡಬೇಕು. ಆದರೆ ಆ ಭಾಗಾಕಾರವನ್ನು ನಾವು ಆಸ್ಪತ್ರೆಯಿಂದ ಹೊರಗೆ ತರಬಾರದು. ಹೊರಗೆ ಪ್ರತಿ ಮಗುವನ್ನೂ ಅದು ಬೆಳೆಯಬಹುದಾಗಿದ್ದ ಎತ್ತರದ ಪಕ್ಕದಲ್ಲೇ ನಿಲ್ಲಿಸಿ ನೋಡಬೇಕು.