ಗುಂಡು ಯಾರ ಮಾತು ಕೇಳುತ್ತದೆ?

ಯುದ್ಧದ ಸಿನಿಮಾ ನೋಡಿ ಹೊರಬಂದವರು ಮೊದಲು ಆಡುವ ಮಾತು, ‘ಎಷ್ಟು ನೈಜವಾಗಿ ತೆಗೆದಿದ್ದಾರೆ!’ ಎಂದು. ಸಮವಸ್ತ್ರ, ಟ್ಯಾಂಕು, ಚಿಮ್ಮುವ ರಕ್ತ ಎಲ್ಲವೂ ಇದ್ದ ಹಾಗೇ ಇದ್ದರೆ ಸಿನಿಮಾ ಗೆದ್ದಂತೆ. ಈ ಅಳತೆಗೋಲು ಸಾಲದು ಎಂಬುದು ನನ್ನ ವಾದ. ಗಾಯವನ್ನು ನಂಬುವಂತೆ ತೋರಿಸಲು ಹಣ ಮತ್ತು ಕಸುಬುದಾರಿಕೆ ಇದ್ದರೆ ಸಾಕು. ಸಾವು ಯಾರ ಪಾಲಿಗೆ ಬಂತು, ಯಾಕೆ ಬಂತು ಎನ್ನುವಲ್ಲಿ ಸುಳ್ಳು ಹೇಳದಿರುವುದು ಬಹಳ ಕಷ್ಟ.

ಸ್ಪೀಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’ (1998) ನೈಜತೆಗೆ ಎಲ್ಲರೂ ಕೊಡುವ ಉದಾಹರಣೆ. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದಲ್ಲಿ ಅಮೆರಿಕನ್ ಪಡೆ ಇಳಿದ ದೃಶ್ಯವನ್ನು ಐರ್ಲೆಂಡಿನ ಕಡಲ ದಂಡೆಯಲ್ಲಿ ಚಿತ್ರಿಸಿದರು. ಛಾಯಾಗ್ರಾಹಕ ಯಾನುಶ್ ಕಮಿನ್ಸ್ಕಿ ಮಸೂರಗಳ ಮೇಲಿನ ಲೇಪ ತೆಗೆಸಿ, ಷಟರ್ ಕೋನ ಕಿರಿದು ಮಾಡಿ, ಸಿಡಿಯುವ ಮರಳಿನ ಕಣಕಣವೂ ಕಾಣುವಂತೆ ಮಾಡಿದರು. ಆದರೆ ಆ ಭಾಗದ ನಿಜವಾದ ಶಕ್ತಿ ಇರುವುದು ಬೇರೆ ಕಡೆ. ದೋಣಿಯ ಬಾಗಿಲು ತೆರೆದುಕೊಂಡ ಕೂಡಲೇ ಮುಂದಿನ ಸಾಲಿನವರು ಸಾಯುತ್ತಾರೆ. ಅವರ ಹೆಸರೂ ನಮಗೆ ಗೊತ್ತಿಲ್ಲ. ಒಬ್ಬನ ಹೆಲ್ಮೆಟ್ಟಿಗೆ ಗುಂಡು ತಾಗುತ್ತದೆ, ತಲೆ ಉಳಿಯುತ್ತದೆ. ಅವನು ಹೆಲ್ಮೆಟ್ ತೆಗೆದು ಬೆರಗಿನಿಂದ ನೋಡುತ್ತಾನೆ. ಅಷ್ಟರಲ್ಲಿ ಮತ್ತೊಂದು ಗುಂಡು ಹಣೆಗೇ ಬೀಳುತ್ತದೆ. ಅಲ್ಲಿ ಜಾಣನಿಗೂ ಧೈರ್ಯವಂತನಿಗೂ ಒಳ್ಳೆಯವನಿಗೂ ಯಾವ ರಿಯಾಯಿತಿಯೂ ಇಲ್ಲ.

ಆಮೇಲೆ ಕಥೆ ಶುರುವಾಗುತ್ತದೆ, ಗುಂಡುಗಳು ಕಥೆಗಾರನ ಮಾತು ಕೇಳತೊಡಗುತ್ತವೆ. ಸೆರೆಸಿಕ್ಕ ಒಬ್ಬ ಜರ್ಮನ್ ಸೈನಿಕನನ್ನು ಕಥಾನಾಯಕ ಕ್ಯಾಪ್ಟನ್ ಮಿಲ್ಲರ್ ಕೊಲ್ಲಿಸದೆ ಬಿಟ್ಟುಬಿಡುತ್ತಾನೆ. ಒಂದು ಸೇತುವೆಯ ಬಳಿ ನಡೆಯುವ ಕೊನೆಯ ಕಾಳಗದಲ್ಲಿ ಮಿಲ್ಲರನಿಗೆ ಗುಂಡು ಹೊಡೆಯುವವನು ಅವನೇ! ಅಷ್ಟು ದೊಡ್ಡ ಯುದ್ಧದಲ್ಲಿ ಅದೇ ಸೈನಿಕ ಅದೇ ಸೇತುವೆಯ ಬಳಿಗೆ ಬರುತ್ತಾನೆ, ಅವನ ಗುರಿಗೆ ಅದೇ ಕ್ಯಾಪ್ಟನ್ ಸಿಗುತ್ತಾನೆ, ತೋರಿದ ದಯೆಯೇ ಸಾವಿಗೆ ಕಾರಣ ಎಂಬಂತೆ.

ಕಾರ್ಯಕಾರಣವಿಲ್ಲದೆ ಕಥೆ ಹೇಗೆ ನಿಂತೀತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ನಿಲ್ಲುವುದು ಎಲೆಮ್ ಕ್ಲಿಮೊವ್ ಅವರ ‘ಕಮ್ ಆ್ಯಂಡ್ ಸೀ’ (1985). ಅದರ ಸಹಲೇಖಕ ಅಲೆಸ್ ಅದಮೋವಿಚ್ ಹದಿಹರೆಯದಲ್ಲೇ ಬೆಲಾರೂಸಿನ ಗೆರಿಲ್ಲಾ ಪಡೆಯಲ್ಲಿ ಇದ್ದವರು. ಫ್ಲ್ಯೋರಾ ಎಂಬ ಹುಡುಗ ಮರಳಿನಲ್ಲಿ ಹೂತ ಬಂದೂಕನ್ನು ಅಗೆದು ತೆಗೆದು, ವೀರನಾಗುವ ಆಸೆಯಿಂದ ಕಾಡಿಗೆ ಹೋಗುತ್ತಾನೆ. ಆ ಬಂದೂಕು ಅವನ ಮನೆಯವರನ್ನು ಉಳಿಸುವುದಿಲ್ಲ. ನಾಜಿಗಳು ಒಂದು ಹಳ್ಳಿಯ ಜನರನ್ನು ಕೊಟ್ಟಿಗೆಯಂಥ ದೊಡ್ಡ ಕಟ್ಟಡಕ್ಕೆ ತುಂಬಿ ಬೆಂಕಿ ಹಚ್ಚುತ್ತಾರೆ. ಹೊರಗೆ ಫ್ಲ್ಯೋರಾನನ್ನು ಮಂಡಿಯೂರಿಸಿ, ತಲೆಗೆ ಪಿಸ್ತೂಲು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಫೋಟೊ ಆಯಿತು, ಅವನನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಅವನು ಬದುಕಿದ್ದಕ್ಕೆ ಅವನ ಯಾವ ಗುಣವೂ ಕಾರಣವಲ್ಲ. ಕಥೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಅದರ ಎಳೆ ಇರುವುದು ಕ್ಷಣಕ್ಷಣಕ್ಕೂ ಮುದಿಯಾಗುತ್ತ ಹೋಗುವ ಆ ಹುಡುಗನ ಮುಖದಲ್ಲಿ.

ಸಾವಿಗೆ ಕಾರಣ ಬೇಡವೆನ್ನುವುದು ಆಧುನಿಕರ ಗೀಳು, ನಮ್ಮ ಕಾವ್ಯಗಳಲ್ಲಿ ಪ್ರತಿ ಸಾವಿಗೂ ಶಾಪವೋ ಶಪಥವೋ ಕಾರಣವಾಗಿ ಇದ್ದೇ ಇದೆ ಎನ್ನಬಹುದು. ಇದೆ, ನಿಜ. ಆದರೂ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ಎಡವುತ್ತ ನಡೆಸುತ್ತಾನೆ. ಅಭಿಮನ್ಯುವಿನ ಹೆಣ ಕಂಡಾಗ ಅವನು ಶತ್ರುವಿನ ಮಗನ ಶೌರ್ಯವನ್ನು ಹೊಗಳಿ ಕೈಮುಗಿಯುತ್ತಾನೆ. ಯಾರು ಸರಿ, ಯಾರು ತಪ್ಪು ಎಂಬ ಲೆಕ್ಕ ಆ ಹೊತ್ತಿಗೆ ಬದಿಗೆ ಸರಿದಿರುತ್ತದೆ.

ನಮ್ಮಲ್ಲಿ ಬಹುಪಾಲು ಜನ ಯುದ್ಧವನ್ನು ಕಂಡಿರುವುದು ಪರದೆಯ ಮೇಲೆ ಮಾತ್ರ. ಆದ್ದರಿಂದ ಚಿತ್ರಕಥೆ ಹೇಳಿದ ಸುಳ್ಳು, ಗುಂಡಿ ತಪ್ಪಾಗಿ ಹೊಲಿದ ಸಮವಸ್ತ್ರದಂತೆ ನಿರುಪದ್ರವಿಯಲ್ಲ. ಸೆರೆಯಾಳನ್ನು ಕೊಲ್ಲಬಾರದೆಂದು 1929ರ ಜಿನೀವಾ ಒಪ್ಪಂದವೇ ಹೇಳಿತ್ತು. ಸ್ಪೀಲ್‌ಬರ್ಗ್ ಅವರ ಸಿನಿಮಾ ಮೊದಲ ಭಾಗದಲ್ಲಿ, ಕೈಯೆತ್ತಿ ಶರಣಾದವರನ್ನು ಅಮೆರಿಕನ್ ಸೈನಿಕರು ಕೊಲ್ಲುವುದನ್ನು ಮುಚ್ಚಿಡದೆ ತೋರಿಸಿತ್ತು. ನೋಡುವವರಿಗೆ ಆಗ ಹೇಸಿಗೆಯಾಗುತ್ತದೆ. ಅದೇ ಸಿನಿಮಾ ಮುಗಿಯುವಾಗ, ಆ ಜರ್ಮನನನ್ನು ಅಂದೇ ಕೊಂದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ನಮ್ಮ ಬಾಯಲ್ಲೇ ಹೇಳಿಸುತ್ತದೆ. ಯುದ್ಧವೇನೂ ನಮಗೆ ಹಾಗೆ ಕಲಿಸಿರಲಿಲ್ಲ.