ಪಾದಯಾತ್ರೆಯ ಪೂರ್ವಾಭ್ಯಾಸವೂ ‘ಯಥಾಶಕ್ತಿ’ ಎಂಬ ಮಾತೂ

ಜ್ಯೇಷ್ಠಮಾಸವು ಸಮೀಪಿಸಿತೆಂದರೆ ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿಯೂ ಪಂಢರಪುರದ ಮಾತು ಕೇಳಿಬರುತ್ತದೆ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳನ್ನು ನಿತ್ಯವೂ ನಾಲಗೆಯಲ್ಲಿ ಧರಿಸಿರುವ ನಮಗೆ ಆ ವಿಠಲನು ಪರಸ್ಥಳದ ದೇವರೆನಿಸುವುದಿಲ್ಲ. ಆದುದರಿಂದ ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಖಿಯೊಡನೆ ಒಮ್ಮೆಯಾದರೂ ನಡೆದು ಹೋಗಬೇಕೆಂಬ ಆಸೆ ಅನೇಕರಲ್ಲಿ ಮೂಡುವುದು ಸಹಜ. ಹಾಗೆ ಹೊರಡಲಿರುವವರು ಒಂದೆರಡು ತಿಂಗಳು ಮೊದಲೇ ಬೋರಿವಲಿಯ ಉದ್ಯಾನದ ದ್ವಾರದಿಂದ ಕಾನ್ಹೇರಿ ಗುಹೆಗಳವರೆಗೆ ನಡೆದು ನೋಡುವುದೂ ಉಂಟು. ಅದನ್ನು ಕಂಡು ಮನೆಯ ಹಿರಿಯರು ಕೇಳುವ ಪ್ರಶ್ನೆಯೂ ಸಹಜವೇ: ‘ದೇವರ ಬಳಿಗೆ ಹೋಗಲು ತಾಲೀಮು ಏಕೆ? ಕರೆದವನೇ ನಡೆಸಿಕೊಂಡು ಹೋಗುವನಲ್ಲವೇ?’

ಈ ಪ್ರಶ್ನೆಯನ್ನು ನಗೆಯಾಡಿ ಬಿಡುವಂತಿಲ್ಲ. ಇದರ ಹಿಂದೆ ನಮ್ಮ ಸಿದ್ಧಾಂತದ ಒಂದು ಮುಖ್ಯ ಪ್ರಮೇಯವೇ ನಿಂತಿದೆ. ಶ್ರೀಹರಿಯೊಬ್ಬನೇ ಸ್ವತಂತ್ರ, ಅವನ ಇಚ್ಛೆಯಿಲ್ಲದೆ ಹುಲ್ಲುಕಡ್ಡಿಯೂ ಚಲಿಸದು. ಹಾಗಿರುವಲ್ಲಿ ‘ನಾನು ಅಭ್ಯಾಸಮಾಡಿ ನಡೆಯುವೆನು’ ಎನ್ನುವುದು ಅಹಂಕಾರವಾಗದೇ ಎಂಬುದು ಪೂರ್ವಪಕ್ಷ. ಇದಕ್ಕೆ ಎರಡನೆಯ ಯುಕ್ತಿಯೂ ಸೇರುತ್ತದೆ: ಹಳ್ಳಿಗಳಿಂದ ಬರುವ ಲಕ್ಷಾಂತರ ವಾರಕರಿಗಳು ಯಾವ ತಾಲೀಮನ್ನೂ ಮಾಡದೆ ನಡೆಯುತ್ತಾರಲ್ಲ?

ಎರಡನೆಯದಕ್ಕೆ ಉತ್ತರ ಸುಲಭ. ಆಷಾಢದ ಮಳೆಗೆ ಮುಂಚೆ ಹೊಲದಲ್ಲಿ ನೇಗಿಲಿನ ಹಿಂದೆ ನಡೆದ ರೈತನಿಗೆ ವರ್ಷವೆಲ್ಲ ಅಭ್ಯಾಸವೇ. ನಮ್ಮ ನಡಿಗೆಯಾದರೋ ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನ ಸೇತುವೆಯಿಂದ ಕಚೇರಿಗೆ. ಉಳಿದುದೆಲ್ಲ ಲೋಕಲ್ ರೈಲಿನದು. ಅವನಿಗೆ ಜೀವನವೇ ಒದಗಿಸಿದ ಸಿದ್ಧತೆಯನ್ನು ನಾವು ಪ್ರಯತ್ನದಿಂದ ಸಂಪಾದಿಸಬೇಕು.

ಮೊದಲನೆಯ ಯುಕ್ತಿಯನ್ನು ಸ್ವಲ್ಪ ವಿಚಾರಿಸೋಣ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರ ಬರುತ್ತದೆ. ಜೀವನು ಕರ್ತನೇ ಅಲ್ಲವೆಂದರೆ ‘ಇದನ್ನು ಮಾಡು, ಇದನ್ನು ಬಿಡು’ ಎನ್ನುವ ಶಾಸ್ತ್ರವೇ ವ್ಯರ್ಥವಾಗುವುದು. ಆದುದರಿಂದ ಅವನು ಕರ್ತನೇ, ಆದರೆ ಪರಾಧೀನಕರ್ತ. ಅಲ್ಲಿಯ ದೃಷ್ಟಾಂತ ಬಡಗಿಯದು. ಬಡಗಿಯು ಮಾಡಿಸುವವನ ಅಧೀನನಾಗಿದ್ದರೂ ಕೆಲಸವನ್ನು ಮಾಡುವವನು ಅವನೇ ಎಂಬುದು ಆಚಾರ್ಯರ ಭಾಷ್ಯದ ಅಭಿಪ್ರಾಯ. ಈ ದೃಷ್ಟಾಂತವನ್ನೇ ನಾವು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಒಡೆಯನು ಹೇಳಿದ ದಿನ ಮೊಂಡಾದ ಬಾಚಿಯನ್ನು ಹಿಡಿದು ಬಂದು ‘ಮಾಡಿಸುವವರು ನೀವಲ್ಲವೇ’ ಎನ್ನುವ ಬಡಗಿಯನ್ನು ಯಾರು ವಿನಯಶಾಲಿಯೆಂದು ಕರೆಯುತ್ತಾರೆ? ಹಿಂದಿನ ದಿನವೇ ಬಾಚಿಯನ್ನು ಮಸೆದಿಡುವುದು ಒಡೆಯನ ಮೇಲಣ ಅವಿಶ್ವಾಸವಲ್ಲ. ಅದೇ ಅವನ ಸೇವೆಯ ಮೊದಲ ಭಾಗ.

ರೈಲ್ವೆಯಲ್ಲಿ ಸೇವೆಮಾಡಿದ ನಮಗೆ ಇನ್ನೊಂದು ಉದಾಹರಣೆ ತೋರುತ್ತದೆ. ಮುಂಬಯಿಯಿಂದ ಉಡುಪಿಗೆ ನಮ್ಮನ್ನು ಕೊಂಡೊಯ್ಯುವ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದದ್ದು 1998ರ ಜನವರಿ 26ರಂದು. ಯಾವುದೇ ಹೊಸ ಮಾರ್ಗದಲ್ಲಿ ಸುರಕ್ಷಾ ಆಯುಕ್ತರ ಪರೀಕ್ಷೆಯಾಗದೆ ಪ್ರಯಾಣಿಕರನ್ನು ಕೊಂಡೊಯ್ಯಬಾರದೆಂಬುದು 1989ರ ರೈಲ್ವೆ ಕಾಯಿದೆಯ ನಿಯಮ. ಪರೀಕ್ಷೆ ನಡೆಯಿತೆಂದು ಸೇತುವೆ ಕಟ್ಟಿದವರು ಅವಮಾನಪಡುವುದಿಲ್ಲ. ಪರರ ಪ್ರಾಣವನ್ನು ಹೊರುವ ವಸ್ತುವಿನ ಶಕ್ತಿಯನ್ನು ಊಹೆಗೆ ಬಿಡಬಾರದೆಂಬುದಷ್ಟೇ ಅದರ ತಾತ್ಪರ್ಯ.

ಇನ್ನು ‘ಯಥಾಶಕ್ತಿ’ ಎಂಬ ಶಬ್ದವನ್ನು ನೋಡೋಣ. ಸಂಕಲ್ಪದಲ್ಲಿ ನಾವು ನಿತ್ಯವೂ ಇದನ್ನು ಉಚ್ಚರಿಸುತ್ತೇವೆ. ವ್ಯವಹಾರದಲ್ಲಿ ಇದಕ್ಕೆ ‘ಆದಷ್ಟು ಮಾಡಿದರಾಯಿತು’ ಎಂಬ ರಿಯಾಯಿತಿಯ ಅರ್ಥವೇ ಉಳಿದಿದೆ. ಶಬ್ದದ ಅರ್ಥ ಹಾಗಿಲ್ಲ. ಶಕ್ತಿಯನ್ನು ಮೀರದೆ ಎಂದು ಹೇಳುವಂತೆಯೇ ಶಕ್ತಿಗೆ ಕಡಮೆಯಾಗದೆ ಎಂದೂ ಅದು ಹೇಳುತ್ತದೆ. ಹಾಗಾದರೆ ತನ್ನ ಶಕ್ತಿ ಎಷ್ಟೆಂದು ತಿಳಿಯದವನು ಆ ಶಬ್ದವನ್ನು ಅರ್ಥವಿಟ್ಟು ಹೇಳುವುದೆಂತು? ಪೂರ್ವಾಭ್ಯಾಸದ ನಡಿಗೆಯು ಈ ಅಳತೆಯನ್ನು ತಿಳಿಯುವ ಪ್ರಮಾಣವೇ ಹೊರತು ಬೇರೇನೂ ಅಲ್ಲ.

ಅಳತೆಯ ಅವಶ್ಯಕತೆ ಎಷ್ಟೆಂಬುದಕ್ಕೆ ವಾರಿಯ ಕ್ರಮವನ್ನೇ ನೋಡಬಹುದು. ಜ್ಯೇಷ್ಠ ಬಹುಳ ಅಷ್ಟಮಿಯಂದು ಆಳಂದಿಯಿಂದ ಹೊರಟ ಪಾಲಖಿಯು ಆಷಾಢ ಶುದ್ಧ ದಶಮಿಗೆ ಪಂಢರಪುರ ಸೇರುತ್ತದೆ. ದಾರಿ ಸುಮಾರು 250 ಕಿಲೋಮೀಟರು. ಇದರಲ್ಲಿ ಅತಿ ದೀರ್ಘವಾದ ದಿನ ಪುಣೆಯಿಂದ ದಿವೆ ಘಾಟನ್ನು ಹತ್ತಿ ಸಾಸವಡಕ್ಕೆ ಹೋಗುವ ದಿನ. ಆ ದೂರ 30 ಕಿಲೋಮೀಟರಿಗೂ ಮಿಕ್ಕುತ್ತದೆ. ಬೋರಿವಲಿಯಿಂದ ಚರ್ಚ್‌ಗೇಟಿನವರೆಗಿನ ರೈಲುದಾರಿ 34 ಕಿಲೋಮೀಟರೆಂಬುದನ್ನು ನೆನೆದರೆ ಓದುಗರಿಗೆ ಅಂದಾಜು ಸಿಕ್ಕೀತು. ಆ ದಿನವು ಪ್ರಾಯಶಃ ಏಕಾದಶಿಯಂದೇ ಬರುತ್ತದೆ! ಇತರರು ಸಾಬೂದಾಣೆಯ ಫರಾಳವನ್ನು ಸೇವಿಸಿ ಘಟ್ಟ ಹತ್ತಬಹುದು. ನಮ್ಮ ಸಂಪ್ರದಾಯದಲ್ಲಿ ಅದೂ ಇಲ್ಲ. ದಶಮೀವೇಧದಿಂದ ನಮ್ಮ ಏಕಾದಶಿಯು ಒಂದು ದಿನ ಮುಂದಕ್ಕೆ ಹೋದರೆ ಸಾಸವಡ ಸೇರಿದ ಮರುದಿನ ಉಪವಾಸ. ಎರಡು ವಿಧದಲ್ಲಿಯೂ ದಣಿದ ದೇಹಕ್ಕೆ ನಿರಾಹಾರ ತಪ್ಪದು.

ನಡಿಗೆ, ಉಪವಾಸ ಎರಡನ್ನೂ ತನ್ನ ದೇಹವು ತಾಳಲಾರದೆಂದು ಕಂಡುಬಂದರೆ ಯಾವುದನ್ನು ಬಿಡಬೇಕು? ಈ ಸಂದೇಹಕ್ಕೆ ಶಾಸ್ತ್ರದೃಷ್ಟಿಯಿಂದ ಉತ್ತರ ಸ್ಪಷ್ಟ. ಎಂಟು ವರ್ಷ ಮೀರಿ ಎಂಬತ್ತು ತುಂಬದವರಿಗೆ ಏಕಾದಶಿಯು ನಿತ್ಯವ್ರತವೆಂದು ಸ್ಮೃತಿ. ಪಾದಯಾತ್ರೆಯು ನಾವಾಗಿ ಕೈಗೊಂಡದ್ದು. ನಾವು ಆರಿಸಿಕೊಂಡುದಕ್ಕಾಗಿ ನಮಗೆ ವಿಧಿಸಿದುದನ್ನು ಮುರಿಯಲಾಗದು. ಅಂದು ವಾಹನದಲ್ಲಿ ಘಟ್ಟ ದಾಟಿ, ಸಾಸವಡದಲ್ಲಿ ಹರಿನಾಮ ಸ್ಮರಿಸುತ್ತ ಕುಳಿತು, ದ್ವಾದಶಿಯ ಪಾರಣೆ ಮುಗಿಸಿ ಮುಂದೆ ನಡೆದರೆ ಯಾತ್ರೆಗೆ ಕುಂದಿಲ್ಲ. 2020 ಮತ್ತು 2021ರಲ್ಲಿ ರೋಗದ ನಿಮಿತ್ತ ಸಂತರ ಪಾದುಕೆಗಳನ್ನೇ ಎಸ್.ಟಿ. ಬಸ್ಸಿನಲ್ಲಿ ಪಂಢರಪುರಕ್ಕೆ ಕೊಂಡೊಯ್ದರು. ಅದರಿಂದ ವಾರಿಯ ಪರಂಪರೆ ತಪ್ಪಿತೆಂದು ಎಣಿಸಬೇಕಿಲ್ಲ. ದೇಹವನ್ನು ಅವಿಚಾರದಿಂದ ದಂಡಿಸುವವರು ಒಳಗಿರುವ ತನ್ನನ್ನೇ ಪೀಡಿಸುತ್ತಾರೆಂದು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಎಚ್ಚರಿಸಿರುವುದನ್ನು ಮರೆಯಬಾರದು. ಮಧುಮೇಹಾದಿಗಳಿಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇಂತಹ ದಿನವನ್ನು ಎದುರಿಸುವುದು ಸರ್ವಥಾ ಸಲ್ಲದು.

ಪರೀಕ್ಷೆಯು ನಿಜವಾದ ಪರೀಕ್ಷೆಯಾಗಬೇಕು. ತಂಪಾದ ಬೆಳಗಿನಲ್ಲಿ ಒಮ್ಮೆ ಕಾನ್ಹೇರಿಗೆ ಹೋಗಿ ಬಂದರೆ ಸಾಲದು. ನಸುಕಿನಲ್ಲೆದ್ದು ಸ್ನಾನ, ಸಂಧ್ಯಾವಂದನೆ, ದೇವರಪೂಜೆಗಳನ್ನು ಮುಗಿಸಿಯೇ ಹೊರಡಬೇಕು. ಆಹ್ನಿಕವನ್ನು ಬಿಟ್ಟು ನಡೆದು ನೋಡಿದರೆ ಅದು ಅರ್ಧಪರೀಕ್ಷೆ. ದಾರಿಯಲ್ಲಿ ಧರಿಸುವ ಪಾದರಕ್ಷೆಯನ್ನೇ ಧರಿಸಬೇಕು, ಹೊರುವ ಚೀಲವನ್ನೇ ಹೊರಬೇಕು. ಮಳೆ ಬಂತೆಂದು ಹಿಂತಿರುಗಬಾರದು. ವಾರಿ ನಡೆಯುವುದು ಮಳೆಗಾಲದಲ್ಲಿಯೇ. ಮುಖ್ಯವಾಗಿ ಎರಡು ದಿನ ಒಂದರ ಹಿಂದೊಂದು ನಡೆಯಬೇಕು. ಮೊದಲ ದಿನ ಉತ್ಸಾಹವು ನಡೆಸುತ್ತದೆ. ಎರಡನೆಯ ದಿನ ಬೊಕ್ಕೆಯೆದ್ದ ಪಾದವು ನಿಜವನ್ನು ಹೇಳುತ್ತದೆ. ಗುಂಪಾಗಿ ನಡೆಯುವವರು ಹಿಂದೆ ಬೀಳುವವರ ವೇಗವನ್ನು ಅಂದೇ ತಿಳಿದುಕೊಳ್ಳಬೇಕು. ಸಿದ್ಧತೆಯಿಲ್ಲದೆ ಬಂದವನು ತನ್ನ ಭಾರವನ್ನು ದೇವರ ಮೇಲೆ ಹಾಕಿದೆನೆಂದು ತಿಳಿದಿರುತ್ತಾನೆ. ವಾಸ್ತವದಲ್ಲಿ ಅದು ಬೀಳುವುದು ಪಕ್ಕದವನ ಹೆಗಲ ಮೇಲೆ.

ಕಠಿನವಾದ ಮಾತೊಂದು ಉಳಿದಿದೆ. ಪರೀಕ್ಷೆಯೆಂದ ಮೇಲೆ ಉತ್ತೀರ್ಣರಾಗದವರೂ ಇರುತ್ತಾರೆ. ಮನೆಯ ಹಿರಿಯರಿಗೆ ‘ನೀವು ಬರುವುದು ಬೇಡ’ ಎನ್ನಲು ಮಕ್ಕಳಿಗೆ ಬಾಯಿ ಬಾರದು. ಹೇಳಿದರೂ ಹಿರಿಯರ ಮನಸ್ಸು ನೋಯದಿರದು. ಆ ಮಾತನ್ನು ದಾರಿಯೇ ಹೇಳಲಿ. ಮಂಡಿಯು ಎರಡನೆಯ ದಿನ ಏಳಗೊಡದಿದ್ದಾಗ ಅದರಲ್ಲಿ ಯಾರ ಅನಾದರವೂ ಇಲ್ಲ. ಚಂಚಲವಾದ ಮನಸ್ಸನ್ನು ಹಿಡಿಯಲು ಅಭ್ಯಾಸ, ವೈರಾಗ್ಯ ಎಂಬ ಎರಡು ಸಾಧನಗಳನ್ನು ಗೀತೆಯಲ್ಲಿ ಭಗವಂತನು ಒಟ್ಟಿಗೇ ಹೇಳಿದ್ದಾನೆ. ನಡೆದು ನೋಡುವುದು ಅಭ್ಯಾಸ. ನಡೆದು ನೋಡಿದ ಫಲವನ್ನು ಅಂಗೀಕರಿಸುವುದು ವೈರಾಗ್ಯ. ಎರಡನೆಯದಿಲ್ಲದ ಅಭ್ಯಾಸವು ಕೇವಲ ವ್ಯಾಯಾಮ.

ಪೂರ್ವಸಿದ್ಧತೆಯೇ ಬೇಡವಾದವರು ಯಾರಾದರೂ ಇದ್ದರೆ ಅವರು ನಮ್ಮ ಶ್ರೀಮದಾಚಾರ್ಯರು. ಆದರೂ ಬದರಿಯಲ್ಲಿ ವ್ಯಾಸಾಶ್ರಮಕ್ಕೆ ತೆರಳುವ ಮುನ್ನ ಅವರು ನಲವತ್ತೆಂಟು ದಿನ ಕಾಷ್ಠಮೌನದಿಂದ ಉಪವಾಸವಿದ್ದರೆಂಬುದು ಸುಮಧ್ವವಿಜಯದಿಂದ ಪ್ರಸಿದ್ಧ. ಅವರ ಆಚರಣೆಯೇ ಲೋಕಶಿಕ್ಷಣಾರ್ಥವಾಗಿರುವಾಗ ನಮ್ಮಂಥವರು ಹಾಗೆಯೇ ಹೊರಟುಬಿಡುವೆವೆನ್ನುವುದು ಭಕ್ತಿಯ ಲಕ್ಷಣವಾಗಲಾರದು.

ಪಾಲಖಿಯು ಪಂಢರಪುರ ಸೇರಿದ ಮರುದಿನ ಪ್ರಥಮೈಕಾದಶಿ. ಅಂದೇ ನಮ್ಮ ಮಠಗಳಲ್ಲಿ ತಪ್ತಮುದ್ರಾಧಾರಣೆ. ದೂರದ ದಾರಿ ತನಗೆ ಒದಗದೆಂದು ತಿಳಿದವರು ಅಂದು ಬೆಳಿಗ್ಗೆ ಮನೆಯಿಂದ ಮಠದವರೆಗೆ, ಶಕ್ತಿಯಿದ್ದರೆ ವಡಾಳದ ವಿಠಲಮಂದಿರದವರೆಗೆ, ನಡೆದೇ ಹೋಗಲಿ. ಅಳತೆ ತಿಳಿದು ನಡೆದ ಒಂದು ಕಿಲೋಮೀಟರೂ ಯಥಾಶಕ್ತಿಯೇ. ಅಳತೆ ತಿಳಿಯದೆ ಕುಸಿದ ನೂರು ಕಿಲೋಮೀಟರು ಅದಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥